ಬಿ.ಎ. ಇಲ್ಲದ ಬ್ಯಾರಿಸ್ಟರ್

ಗಾಂಧೀಜಿ ಭಾವನಗರದ ಸಾಮಲದಾಸ ಕಾಲೇಜನ್ನು ಒಂದೇ ಟರ್ಮಿಗೆ ಬಿಟ್ಟರು. ಬಿ.ಎ.ಗೆ 4-5 ವರ್ಷ ಬೇಕು, ಸಿಗುವುದು 60 ರೂಪಾಯಿ ನೌಕರಿ. ಬ್ಯಾರಿಸ್ಟರಿಗೆ 3 ವರ್ಷ, ಖರ್ಚು 4-5 ಸಾವಿರ ಎಂದು ಕುಟುಂಬದ ಹಿತೈಷಿಯೊಬ್ಬರು ಲೆಕ್ಕ ಹೇಳಿದ್ದರು. ಅಣ್ಣ ಹಣ ಹೊಂದಿಸಿದರು. 1888ರಲ್ಲಿ ಲಂಡನ್ನಿಗೆ ಹೋಗಿ 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರು.

ಆದರೆ ಮುಂಬಯಿ ಕೋರ್ಟಿನಲ್ಲಿ ಪಾಟೀಸವಾಲಿಗೆ ಎದ್ದು ನಿಂತಾಗ ಮಾತೇ ಹೊರಡಲಿಲ್ಲ. 75 ರೂಪಾಯಿ ಸಂಬಳದ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದರು, ಬಿ.ಎ. ಇಲ್ಲವೆಂದು ಅದೂ ಸಿಗಲಿಲ್ಲ.

1893ರಲ್ಲಿ ದಾದಾ ಅಬ್ದುಲ್ಲಾ ಸೇಠರ ಸಂಸ್ಥೆ 105 ಪೌಂಡಿಗೆ ಅವರನ್ನು ದಕ್ಷಿಣ ಆಫ್ರಿಕಾಕ್ಕೆ ಕರೆಸಿಕೊಂಡಿತು. ಅಲ್ಲಿ ಲೆಕ್ಕಪತ್ರ ಬರೆಯುವುದನ್ನು ಪುಸ್ತಕ ನೋಡಿ ಕಲಿತು, ದಾವೆಯನ್ನು ಪೂರ್ತಿ ಅರಿತು, ಎರಡೂ ಕಡೆಯವರನ್ನು ರಾಜಿಗೆ ಒಪ್ಪಿಸಿದರು. ವಕೀಲಿ ಕೈಗೆ ಹತ್ತಿದ್ದು ಅಲ್ಲಿಯೇ.

ಪಿಯುಸಿ ಮುಗಿಸಿ ಫೀಸಿನ ಲೆಕ್ಕ ಹಾಕುವ ನಾವು, ಆ ಪದವಿ ಯಾವ ಕೆಲಸಕ್ಕೆ ಬೇಕು, ಆ ಕೆಲಸವನ್ನು ಎಲ್ಲಿ ಕಲಿಯುತ್ತೇವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯೋಣ.