ತಾಳ್ಮೆಯ ತಪಸ್ವಿ ಯಾಮಾಗಿವಾ

ರೋಗದ ಮೂಲವನ್ನು ಅರಿಯದೆ ರೋಗವನ್ನು ಗೆಲ್ಲುವುದು ಕಷ್ಟ. ಕ್ಷಯ, ಕಾಲರಾ, ಪ್ಲೇಗು ಮುಂತಾದ ವ್ಯಾಧಿಗಳಿಗೆ ಕಾರಣವಾದ ಸೂಕ್ಷ್ಮಜೀವಿಗಳನ್ನು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಒಂದೊಂದಾಗಿ ಪತ್ತೆಹಚ್ಚಿದರು. ಆದರೆ ಕ್ಯಾನ್ಸರ್ ಮಾತ್ರ ಒಗಟಾಗಿಯೇ ಉಳಿಯಿತು. ದೇಹದ ಸ್ವಂತ ಜೀವಕೋಶಗಳೇ ಅಂಕೆ ಮೀರಿ ಬೆಳೆದು, ತಮಗೆ ಆಶ್ರಯವಿತ್ತ ದೇಹವನ್ನೇ ನಾಶಮಾಡುವ ಈ ರೋಗ ಏಕೆ ಹುಟ್ಟುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ತಮ್ಮ ಬಾಳನ್ನು ಮುಡಿಪಾಗಿಟ್ಟವರಲ್ಲಿ ಜಪಾನಿನ ಕಟ್ಸುಸಾಬುರೊ ಯಾಮಾಗಿವಾ ಪ್ರಮುಖರು.

ಯಾಮಾಗಿವಾ 1863ರಲ್ಲಿ ಜಪಾನಿನ ಉಯೇಡಾ ಪಟ್ಟಣದ ಸಾಮುರಾಯ್ ಮನೆತನದಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ದೇಶದ ಹಳೆಯ ವ್ಯವಸ್ಥೆ ಕುಸಿದು, ಯೋಧವರ್ಗದ ಸ್ಥಾನಮಾನಗಳು ಇಲ್ಲವಾದವು. ಮುಂದೆ ಟೋಕಿಯೋದ ವೈದ್ಯರೊಬ್ಬರ ಕುಟುಂಬ ಅವರನ್ನು ದತ್ತು ತೆಗೆದುಕೊಂಡಿತು. 1888ರಲ್ಲಿ ವೈದ್ಯಪದವಿ ಪಡೆದ ಅವರು, ಉನ್ನತ ಅಧ್ಯಯನಕ್ಕಾಗಿ ಜರ್ಮನಿಗೆ ತೆರಳಿ, ಪ್ರಸಿದ್ಧ ವಿಜ್ಞಾನಿ ರುಡಾಲ್ಫ್ ವಿರ್ಶೋ ಅವರ ಶಿಷ್ಯರಾದರು. ಸ್ವದೇಶಕ್ಕೆ ಮರಳಿದ ಬಳಿಕ 1895ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ರೋಗಲಕ್ಷಣಶಾಸ್ತ್ರದ ಪ್ರಾಧ್ಯಾಪಕರಾದರು.

ದೇಹದ ಒಂದು ಭಾಗಕ್ಕೆ ದೀರ್ಘಕಾಲ ಕೆರಳಿಕೆಯುಂಟಾದರೆ ಅಲ್ಲಿ ಕ್ಯಾನ್ಸರ್ ಹುಟ್ಟಬಹುದೆಂಬುದು ವಿರ್ಶೋ ಅವರ ಅಭಿಪ್ರಾಯವಾಗಿತ್ತು. ಅದಕ್ಕೂ ಬಹಳ ಹಿಂದೆ, 1775ರಲ್ಲಿ, ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ಸಂಗತಿಯನ್ನು ಗುರುತಿಸಿದ್ದರು. ಎಳವೆಯಿಂದಲೇ ಮನೆಗಳ ಹೊಗೆಗೂಡುಗಳೊಳಗೆ ಇಳಿದು ಮಸಿ ಗುಡಿಸುತ್ತಿದ್ದ ಬಡ ಕೆಲಸಗಾರರಿಗೆ ಮುಂದೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತಿತ್ತು. ಮಸಿಗೂ ರೋಗಕ್ಕೂ ನಂಟಿದೆಯೆಂಬ ಊಹೆಯೇನೋ ಮೂಡಿತು. ಆದರೆ ಅದನ್ನು ಪ್ರಯೋಗದಿಂದ ತೋರಿಸಿಕೊಡಲು ಯಾರಿಂದಲೂ ಆಗಲಿಲ್ಲ. ಪ್ರಾಣಿಗಳ ಚರ್ಮಕ್ಕೆ ಡಾಂಬರು ಹಚ್ಚಿ ನೋಡಿದವರು ಫಲ ಕಾಣದೆ ಪ್ರಯತ್ನವನ್ನು ಕೈಬಿಟ್ಟಿದ್ದರು.

ಯಾಮಾಗಿವಾ ಮಾತ್ರ ಎದೆಗುಂದಲಿಲ್ಲ. ಮನುಷ್ಯನಲ್ಲಿ ಬರಲು ಹಲವು ವರ್ಷ ಹಿಡಿಯುವ ರೋಗ ಪ್ರಾಣಿಯಲ್ಲಿ ಕೆಲವೇ ದಿನಗಳಲ್ಲಿ ಕಾಣಿಸದಿದ್ದರೆ ಆಶ್ಚರ್ಯವೇನು? ಹಿಂದಿನವರಲ್ಲಿ ಕೊರತೆಯಾಗಿದ್ದುದು ತಾಳ್ಮೆಯೇ ಇರಬೇಕೆಂದು ಅವರು ಎಣಿಸಿದರು. ಆ ವೇಳೆಗೆ ಅವರೇ ಕ್ಷಯರೋಗಕ್ಕೆ ತುತ್ತಾಗಿದ್ದರು. ದೇಹ ಸೊರಗಿದ್ದರೂ ಸಂಕಲ್ಪ ಸೊರಗಿರಲಿಲ್ಲ. 1913ರಲ್ಲಿ ಕೊಯಿಚಿ ಇಚಿಕಾವಾ ಎಂಬ ತರುಣ ಸಂಶೋಧಕ ಅವರ ಜೊತೆಗೂಡಿದರು. ಮೊಲಗಳ ಕಿವಿಯ ಒಳಮೈಗೆ ಎರಡು ಮೂರು ದಿನಗಳಿಗೊಮ್ಮೆ ಕಲ್ಲಿದ್ದಲ ಡಾಂಬರನ್ನು ಹಚ್ಚುವ ಕೆಲಸ ಆರಂಭವಾಯಿತು. ಅನಾರೋಗ್ಯದ ಗುರುಗಳು ಮಾರ್ಗದರ್ಶನ ಮಾಡಿದರು. ಶಿಷ್ಯರು ಆ ದಣಿವಿನ ಕಾರ್ಯವನ್ನು ತಪ್ಪದೆ ನಡೆಸಿದರು. ತಿಂಗಳುಗಳು ಉರುಳಿದವು. ಮೊದಲು ನರುಳ್ಳೆಯಂತಹ ಬೆಳವಣಿಗೆಗಳು ಕಾಣಿಸಿಕೊಂಡವು. ಆಗಲೂ ಅವರು ಕೆಲಸ ನಿಲ್ಲಿಸಲಿಲ್ಲ. ಕೊನೆಗೆ 1915ರಲ್ಲಿ, ಮೊಲದ ಕಿವಿಯಲ್ಲಿ ನಿಜವಾದ ಕ್ಯಾನ್ಸರ್ ಹುಟ್ಟಿರುವುದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಕಂಡರು. ರಾಸಾಯನಿಕ ವಸ್ತುವೊಂದರಿಂದ ಕ್ಯಾನ್ಸರನ್ನು ಪ್ರಯೋಗಾಲಯದಲ್ಲಿ ಉಂಟುಮಾಡಿ ತೋರಿಸಿದ್ದು ಅದೇ ಮೊದಲು. ಹಾಯ್ಕು ರಚಿಸುವ ಹವ್ಯಾಸವಿದ್ದ ಯಾಮಾಗಿವಾ ಆ ಸಂತೋಷವನ್ನು ಒಂದು ಪುಟ್ಟ ಪದ್ಯದಲ್ಲಿ ಹಿಡಿದಿಟ್ಟರು.

ಅದೇ ಕಾಲದಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಇಲಿಗಳ ಜಠರದ ಕ್ಯಾನ್ಸರಿಗೆ ಒಂದು ಬಗೆಯ ಹುಳು ಕಾರಣವೆಂದು ಸಾರಿದ್ದರು. ಯಾಮಾಗಿವಾ ಅವರ ಹೆಸರೂ ನೊಬೆಲ್ ಬಹುಮಾನಕ್ಕೆ ಸೂಚಿತವಾಗಿತ್ತಾದರೂ, 1926ರ ಬಹುಮಾನ ಫಿಬಿಗರ್ ಅವರೊಬ್ಬರಿಗೇ ಸಂದಿತು. ಇಲಿಗಳಲ್ಲಿ ಕಂಡದ್ದು ಕ್ಯಾನ್ಸರ್ ಅಲ್ಲ, ಎ ಜೀವಸತ್ವದ ಕೊರತೆಗೆ ಸಂಬಂಧಿಸಿದ ವಿಕಾರವೆಂದು ಮುಂದಿನ ಸಂಶೋಧಕರು ಕಂಡುಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಯಾಮಾಗಿವಾ 1930ರಲ್ಲಿಯೇ ನಿಧನರಾಗಿದ್ದರು.

ಆದರೆ ಅವರು ತೋರಿದ ದಾರಿ ಮುಚ್ಚಿಹೋಗಲಿಲ್ಲ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಕಲ್ಲಿದ್ದಲ ಡಾಂಬರಿನಿಂದ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತುವನ್ನು ಬೇರ್ಪಡಿಸಿದರು. ಅದೇ ವಸ್ತು ತಂಬಾಕಿನ ಹೊಗೆಯಲ್ಲಿಯೂ ಇದೆಯೆಂದು ಆಮೇಲೆ ತಿಳಿಯಿತು. ಇಂದಿನ ಸಂಶೋಧಕರ ನೋಟ ಜೀವಕೋಶದ ಪೊರೆಯವರೆಗೂ ತಲುಪಿದೆ. ಆ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಒಳಹೊರಗೆ ಸಾಗಲು ಪ್ರೋಟೀನಿನಿಂದಾದ ಸೂಕ್ಷ್ಮ ದ್ವಾರಗಳಿವೆ. ಚರ್ಮದ ಕ್ಯಾನ್ಸರ್ ಕೋಶಗಳಲ್ಲಿ ಇಂತಹ ಕೆಲವು ದ್ವಾರಗಳು ಕ್ರಮ ತಪ್ಪಿ ವರ್ತಿಸುತ್ತವೆ. ಕೋಶಗಳು ಮಿತಿಮೀರಿ ವಿಭಜಿಸಲು, ನೆರೆಯ ಭಾಗಗಳಿಗೆ ಹಬ್ಬಲು ಇದು ನೆರವಾಗುತ್ತದೆ. ಆ ದ್ವಾರಗಳನ್ನು ಹತೋಟಿಗೆ ತಂದು ರೋಗವನ್ನು ತಡೆಯಬಹುದೇ ಎಂಬ ಸಂಶೋಧನೆ ನಡೆದಿದೆ.

ಇತರರು ಸೋತೆವೆಂದು ನಿಲ್ಲಿಸಿದ ಕಡೆಯಿಂದ ಯಾಮಾಗಿವಾ ಹೆಜ್ಜೆ ಮುಂದಿಟ್ಟರು. ಬಹುಮಾನ ಅವರ ಕೈತಪ್ಪಿತು. ಅವರು ಕಂಡ ಸತ್ಯ ಮಾತ್ರ ಕಾಲದ ಒರೆಗಲ್ಲಿನಲ್ಲಿ ಉಜ್ಜಿ ನೋಡಿದಾಗಲೂ ಬಣ್ಣಗೆಡಲಿಲ್ಲ.