ಸೆಲ್ಬೋರ್ನಿನ ಗಿಲ್ಬರ್ಟ್ ವೈಟ್ ಪಾದ್ರಿಗಳು

ಆಂಗ್ಲ ದೇಶದ ಹ್ಯಾಂಪ್‌ಷೈರ್ ಸೀಮೆಗೆ ಸೇರಿದ ಸೆಲ್ಬೋರ್ನ್ ಎಂಬ ಗ್ರಾಮದಲ್ಲಿ 1720ನೆಯ ಇಸವಿಯಲ್ಲಿ ಜನಿಸಿದ ಗಿಲ್ಬರ್ಟ್ ವೈಟರು ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮಾಡಿ ಪಾದ್ರಿಗಳಾಗಿ, ಬಾಳಿನ ಬಹುಭಾಗವನ್ನು ಹುಟ್ಟೂರಿನಲ್ಲಿಯೇ ಕಳೆದರು. 1768ರಿಂದ ಮರಣಪರ್ಯಂತ ಮಳೆ, ಮಂಜು, ಹೂ, ಹಕ್ಕಿಗಳ ಆಗಮನ ಇವನ್ನೆಲ್ಲ ಋತುಋತುವಿಗೂ ದಿನಚರಿಯಲ್ಲಿ ಬರೆದಿಟ್ಟರು. ಒಂದನ್ನೊಂದು ಹೋಲುವ ಮೂರು ಪುಟ್ಟ ಹಸುರು ಹಕ್ಕಿಗಳು ಬೇರೆಬೇರೆ ಜಾತಿಯವೆಂದು ಮುಖ್ಯವಾಗಿ ಅವುಗಳ ದನಿಯಿಂದಲೇ ಗುರುತಿಸಿದರು.

ಆದರೆ ಅವರನ್ನು ಬಹುಕಾಲ ಕಾಡಿದ್ದು ಅಂಬರಗುಬ್ಬಿಯ ಪ್ರಶ್ನೆ. ಚಳಿಗಾಲದಲ್ಲಿ ನಮ್ಮ ನಾಡಿನ ತಂತಿಗಳ ಮೇಲೆ ಸಾಲುಗೂಡುವ ಕವಲುಬಾಲದ ಹಕ್ಕಿಯ ಜಾತಿಯೇ ಅದು. ಬೇಸಗೆ ಕಳೆದ ಮೇಲೆ ಅದು ಸೆಲ್ಬೋರ್ನನ್ನು ಬಿಟ್ಟು ಎಲ್ಲಿಗೆ ಹೋಗುವುದು? ಕೆರೆಯ ತಳದಲ್ಲಿ ನಿದ್ರಿಸುವುದೆಂದು ನಂಬಿದ ಪಂಡಿತರೂ ಆಗ ಇದ್ದರು! ಜಿಬ್ರಾಲ್ಟರಿನಲ್ಲಿ ಪಾದ್ರಿಗಳಾಗಿದ್ದ ಸಹೋದರ ಜಾನ್, ಅವು ಜಲಸಂಧಿಯನ್ನು ದಾಟುವುದನ್ನು ಕಂಡು ತಿಳಿಸಿದರು. ಆದರೂ ಕೆಲವಾದರೂ ಊರಿನಲ್ಲಿಯೇ ಅಡಗಿರಬಹುದೆಂದು ವೈಟರು ಆಳುಗಳಿಂದ ಪೊದೆಪೊಟರೆಗಳನ್ನೆಲ್ಲ ಶೋಧಿಸಿದರು, ಒಂದೂ ದೊರೆಯಲಿಲ್ಲ. ದೊರೆಯಲಿಲ್ಲವೆಂದೇ ಬರೆದರು. ಅವರ ಪಾಂಡಿತ್ಯಕ್ಕಿಂತಲೂ ಈ ಸತ್ಯಸಂಧತೆಯನ್ನು ನಾವು ಹಿರಿದೆಂದು ಎಣಿಸುತ್ತೇವೆ.

1789ರಲ್ಲಿ ಅವರ ಪತ್ರಗಳು ಗ್ರಂಥರೂಪವಾಗಿ ಪ್ರಕಟವಾದವು. 1793ನೆಯ ಜೂನ್ 26ರಂದು ಅವರು ತೀರಿಕೊಂಡಾಗ ಪ್ರಶ್ನೆ ಹಾಗೆಯೇ ಉಳಿದಿತ್ತು. 1911ರಲ್ಲಿ ಸ್ಟ್ಯಾಫರ್ಡ್‌ಷೈರಿನಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಅಂಬರಗುಬ್ಬಿಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಸಿಕ್ಕಿತು.