ಅಳತೆಪಟ್ಟಿಗೆ ಸಿಗದ ಕಾರಣ: ಮೇರಿ ಬೋನಪಾರ್ಟ್ ಬದುಕು ಹೇಳುವುದೇನು?

ಹೆಣ್ಣಿಗೆ ದಾಂಪತ್ಯದಲ್ಲಿ ದೈಹಿಕ ಸುಖ ಸಿಗ್ತಿಲ್ಲ ಅಂದ್ರೆ ಕಾರಣ ಎಲ್ಲಿದೆ? ಅವಳ ದೇಹದಲ್ಲೋ, ಮನಸ್ಸಿನಲ್ಲೋ, ಅವಳು ಬದುಕುತ್ತಿರುವ ಮನೆಯಲ್ಲೋ? ನೂರು ವರ್ಷಗಳ ಹಿಂದೆ ಈ ಪ್ರಶ್ನೆಯ ಬೆನ್ನು ಹತ್ತಿ, ಉತ್ತರಕ್ಕಾಗಿ ತನ್ನ ದೇಹವನ್ನೇ ಆಪರೇಷನ್ ಟೇಬಲ್ ಮೇಲೆ ಇಟ್ಟವಳು ಮೇರಿ ಬೋನಪಾರ್ಟ್.

ಮೇರಿ ಹುಟ್ಟಿದ್ದು 1882ರಲ್ಲಿ, ಪ್ಯಾರಿಸ್ ಪಕ್ಕದ ಊರೊಂದರಲ್ಲಿ. ಚಕ್ರವರ್ತಿ ನೆಪೋಲಿಯನ್‌ನ ತಮ್ಮ ಲೂಸಿಯನ್‌ಗೆ ಈಕೆ ಮರಿಮಗಳು. ತಾಯಿಯ ತಂದೆ ಮಾಂಟೆ ಕಾರ್ಲೊ ಕ್ಯಾಸಿನೊ ನಡೆಸಿ ಅಪಾರ ಸಂಪತ್ತು ಗಳಿಸಿದ್ದವರು. ಆದರೆ ಮಗು ಹುಟ್ಟಿದ ಒಂದು ತಿಂಗಳಿಗೆ ತಾಯಿ ತೀರಿಕೊಂಡರು. ಅಜ್ಜಿಯ ಕಟ್ಟುನಿಟ್ಟು, ಓದು-ಸಂಶೋಧನೆಯಲ್ಲಿ ಮುಳುಗಿದ ತಂದೆ, ಸುತ್ತ ಆಳುಕಾಳುಗಳು. ಹೀಗೆ ಬೆಳೆದ ಹುಡುಗಿ ಹದಿಹರೆಯದಲ್ಲಿ ತಂದೆಯ ಕಾರ್ಯದರ್ಶಿಗೆ ಪ್ರೇಮಪತ್ರ ಬರೆದಳು. ಆತ ಅದೇ ಪತ್ರಗಳನ್ನು ಹಿಡಿದುಕೊಂಡು ಹೆದರಿಸಿ ಹಣ ಕಿತ್ತ. ಆಸೆಪಟ್ಟರೆ ಶಿಕ್ಷೆ ಅನ್ನೋದು ಅವಳು ಕಲಿತ ಮೊದಲ ಪಾಠವಾಗಿತ್ತು.

1907ರಲ್ಲಿ ಗ್ರೀಸ್‌ನ ರಾಜಕುಮಾರ ಜಾರ್ಜ್ ಜೊತೆ ಮದುವೆಯಾಯಿತು. ಗಂಡನ ಒಲವೆಲ್ಲ ತನ್ನ ಚಿಕ್ಕಪ್ಪ ವಾಲ್ಡೆಮಾರ್ ಕಡೆಗಿತ್ತು ಎಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಎರಡು ಮಕ್ಕಳಾದವು, ಆದರೆ ಸಾಮೀಪ್ಯ ಹುಟ್ಟಲಿಲ್ಲ. ಮೇರಿಗೆ ಬೇರೆ ಪ್ರೇಮಸಂಬಂಧಗಳೂ ಇದ್ದವು. ಫ್ರಾನ್ಸ್‌ನ ಪ್ರಧಾನಿಯಾಗಿದ್ದ ಅರಿಸ್ಟೀಡ್ ಬ್ರಿಯಾಂಡ್ ಅವರಲ್ಲೊಬ್ಬರು. ಅಲ್ಲೂ, ಸಂಭೋಗದಲ್ಲಿ ಸಿಗಬೇಕು ಎಂದು ಆಕೆ ನಂಬಿದ್ದ ಸುಖದ ಪರಾಕಾಷ್ಠೆ ಸಿಗಲಿಲ್ಲ.

ಬೇರೆ ಹೆಂಗಸರಾಗಿದ್ದರೆ ಸುಮ್ಮನಾಗುತ್ತಿದ್ದರೇನೋ. ಮೇರಿ ಅಳತೆಪಟ್ಟಿ ಹಿಡಿದರು. 1924ರಲ್ಲಿ ನರ್ಜಾನಿ ಎಂಬ ಸುಳ್ಳು ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅದರಲ್ಲಿ 243 ಹೆಂಗಸರ ಅಳತೆ ಇತ್ತು. ಭಗಾಂಕುರಕ್ಕೂ ಯೋನಿಯ ಬಾಯಿಗೂ ನಡುವಿನ ಅಂತರ ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚಿದ್ದವರಿಗೆ ಸಂಭೋಗದಲ್ಲಿ ಸುಖ ಸಿಗುವುದು ಕಷ್ಟ ಎಂಬುದು ಅವರ ತೀರ್ಮಾನ. ಅವರ ಲೆಕ್ಕದಲ್ಲಿ ತಾವೂ ಅದೇ ಗುಂಪಿನವರು. ಅಂತರವೇ ಕಾರಣ ಅಂದಮೇಲೆ ಅದನ್ನು ಕಡಿಮೆ ಮಾಡಿದರಾಯಿತಲ್ಲ!

1925ರಲ್ಲಿ ಅವರು ವಿಯೆನ್ನಾಕ್ಕೆ ಹೋಗಿ ಸಿಗ್ಮಂಡ್ ಫ್ರಾಯ್ಡ್ ಹತ್ತಿರ ಮನೋವಿಶ್ಲೇಷಣೆಗೆ ಕೂತರು. ಮುಂದಿನ ವರ್ಷ ಪ್ಯಾರಿಸ್ಸಿನ ಮನೋವಿಶ್ಲೇಷಣಾ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ಫ್ರಾಯ್ಡ್ ಒಪ್ಪದಿದ್ದರೂ 1927ರಲ್ಲಿ ಸರ್ಜನ್ ಹಾಲ್ಬನ್ ಕೈಲಿ ಭಗಾಂಕುರವನ್ನು ಕೆಳಕ್ಕೆ ಸರಿಸುವ ಆಪರೇಷನ್ ಮಾಡಿಸಿಕೊಂಡರು. ಫಲ ಸಿಗಲಿಲ್ಲ. 1930ರಲ್ಲಿ ಮತ್ತೊಮ್ಮೆ, 1931ರಲ್ಲಿ ಮಗದೊಮ್ಮೆ. ಆಗಲೂ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೇರಿಗೆ ಸುಖವೇ ತಿಳಿಯದು ಎಂದಲ್ಲ. ಅದು 'ಸರಿಯಾದ' ಜಾಗದಿಂದ ಬರುತ್ತಿಲ್ಲ ಎಂಬುದೇ ಅವರ ಕೊರಗು. ಆ ಸರಿ-ತಪ್ಪು ತೀರ್ಮಾನಿಸಿದ್ದು ಫ್ರಾಯ್ಡ್. ಪ್ರೌಢ ಹೆಣ್ಣಿನ ಸುಖ ಭಗಾಂಕುರವನ್ನು ಬಿಟ್ಟು ಯೋನಿಗೆ ಸರಿಯಬೇಕು ಎಂದು ಅವರು 1905ರಲ್ಲೇ ಬರೆದಿದ್ದರು. ಪುರಾವೆಯಿಲ್ಲದ ಆ ಮಾತು ಮುಂದೆ ಅರ್ಧ ಶತಮಾನ ಲಕ್ಷಾಂತರ ಹೆಂಗಸರನ್ನು ರೋಗಿಗಳನ್ನಾಗಿ ಮಾಡಿತು.

ನಾಜಿಗಳು ವಿಯೆನ್ನಾ ಹಿಡಿದಾಗ, 1938ರಲ್ಲಿ, ಫ್ರಾಯ್ಡ್ ಕುಟುಂಬವನ್ನು ಪಾರು ಮಾಡಲು ಹಣ ಕೊಟ್ಟು ಓಡಾಡಿದ್ದು ಇದೇ ಮೇರಿ. ಗುರುವಿನ ಸಿದ್ಧಾಂತವನ್ನು ಮಾತ್ರ ಕೊನೆವರೆಗೂ ಪೂರ್ತಿ ಬಿಡಲಾಗಲಿಲ್ಲ. 1962ರಲ್ಲಿ ತೀರಿಕೊಂಡರು. ನಾಲ್ಕೇ ವರ್ಷದಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಅವರ ಅಧ್ಯಯನ ಪ್ರಕಟವಾಯಿತು. ಸುಖ ಎಲ್ಲಿಂದ ಶುರುವಾದರೂ ದೇಹದ ಪ್ರತಿಕ್ರಿಯೆ ಒಂದೇ ಎಂದು ಅದು ತೋರಿಸಿತು. ಭಗಾಂಕುರದ ಬಹುಪಾಲು ದೇಹದ ಒಳಗೇ ಚಾಚಿಕೊಂಡಿದೆ ಎಂದು 1998ರಲ್ಲಿ ಆಸ್ಟ್ರೇಲಿಯಾದ ಸರ್ಜನ್ ಹೆಲೆನ್ ಒ'ಕಾನೆಲ್ ವಿವರವಾಗಿ ದಾಖಲಿಸಿದರು. ಹೊರಗೆ ಕಾಣುವ ತುದಿಯನ್ನಷ್ಟೇ ಅಳೆದು, ಅದನ್ನಷ್ಟೇ ಸರಿಸಿದರೆ ಆಗೋದೇನು?

ಹಾಗಂತ ಮೇರಿಯ ಅಂಕಿಅಂಶ ಕಸವಲ್ಲ. 2011ರಲ್ಲಿ ಇಬ್ಬರು ಸಂಶೋಧಕರು ಅವನ್ನು ಮತ್ತೆ ಪರಿಶೀಲಿಸಿ, ಅಂತರಕ್ಕೂ ಸಂಭೋಗದ ಸುಖಕ್ಕೂ ಸಂಬಂಧವಿದೆ ಎಂದೇ ಕಂಡುಕೊಂಡರು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಇರುವ ಸಹಜ ವ್ಯತ್ಯಾಸ, ಎತ್ತರ ಕುಳ್ಳು ಇದ್ದ ಹಾಗೆ. ವ್ಯತ್ಯಾಸವನ್ನು ಕಾಯಿಲೆ ಅಂದಿದ್ದೇ ತಪ್ಪು.

ಆಸಕ್ತಿ ಕುಂದುವುದಕ್ಕೆ, ನೋವಿಗೆ, ಸುಖ ಸಿಗದಿರುವುದಕ್ಕೆ ಕಾರಣ ಒಂದೇ ಇರುವುದು ಅಪರೂಪ. ಸಕ್ಕರೆ ಕಾಯಿಲೆ, ಥೈರಾಯ್ಡ್, ಎದೆಹಾಲೂಡಿಸುವಾಗ ಮತ್ತು ಮುಟ್ಟು ನಿಂತ ಮೇಲೆ ಇಳಿಯುವ ಈಸ್ಟ್ರೋಜೆನ್, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಎಂಡೊಮೆಟ್ರಿಯೋಸಿಸ್ ನೋವು, ಹಳೆಯ ದೌರ್ಜನ್ಯದ ನೆನಪು, ಬಸಿರಾಗುವ ಭಯ, ದಿನವಿಡೀ ದುಡಿದ ದಣಿವು, ತನಗೇನು ಬೇಕು ಅಂತ ಗಂಡನಿಗೆ ಹೇಳಲಾಗದ ಸಂಕೋಚ. ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಕತ್ತರಿಯ ಆಸೆಯಂತೂ ಇನ್ನೂ ಹೋಗಿಲ್ಲ. ಯೋನಿಗೆ ಯೌವನ ಕೊಡ್ತೀವಿ ಅಂತ ಲೇಸರ್ ಯಂತ್ರಗಳನ್ನು ಮಾರುವವರಿಗೆ 2018ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು. ಸುಟ್ಟಗಾಯ, ಕಲೆ, ಸಂಭೋಗದ ನೋವು ಆಗಬಹುದು ಎಂದಿತು.

ಅಪ್ಪುಗೆಯಿಲ್ಲದ ಬಾಲ್ಯ, ಬೆದರಿಕೆಗೆ ಸಿಕ್ಕ ಮೊದಲ ಪ್ರೀತಿ, ಒಲವಿಲ್ಲದ ಮದುವೆ, ತಪ್ಪು ಸಿದ್ಧಾಂತ: ಮೇರಿಯ ಬದುಕಿನಲ್ಲಿ ಕೇಳಿ ತಿಳಿಯಬೇಕಾದದ್ದು ಇಷ್ಟೆಲ್ಲ ಇತ್ತು. ಹೀಗಾಗಿ ಇಂಥ ಸಮಸ್ಯೆ ಹೇಳಿಕೊಂಡು ಬಂದ ಹೆಣ್ಣಿಗೆ ಮೊದಲು ಬೇಕಾದದ್ದು ನಾಚಿಕೆಪಡಿಸದೆ ಪ್ರಶ್ನೆ ಕೇಳುವ, ಉತ್ತರ ಮುಗಿಯುವವರೆಗೂ ಕಾಯುವ ವೈದ್ಯರು. ಪರೀಕ್ಷೆ, ಮಾತ್ರೆ ಎಲ್ಲ ಆಮೇಲೆ.